ಡಿಸ್ಕ್ ಗ್ರೂಪ್ ಮತ್ತು ಪೂಲ್: ಕ್ಲಿಕ್ ಮಾಡುವ ಮೊದಲು ಯೋಚಿಸಬೇಕಾದ್ದು

ಹೊಸ ಸ್ಟೋರೇಜ್ ಬಾಕ್ಸ್‌ಗೆ ಡಿಸ್ಕ್‌ಗಳನ್ನು ತುಂಬಿ, ಪವರ್ ಕೊಟ್ಟು, ಬ್ರೌಸರ್‌ನಲ್ಲಿ ಅದರ ಪುಟ ತೆರೆದರೆ ಅದು ಮೊದಲು ಕೇಳುವುದೇ ಡಿಸ್ಕ್ ಗ್ರೂಪ್ ಮಾಡಿ, ಪೂಲ್‌ಗೆ ಸೇರಿಸಿ ಎಂದು. ನಾಲ್ಕಾರು ಕ್ಲಿಕ್‌ನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅಲ್ಲಿ ಆರಿಸಿದ ಕೆಲವು ಸಂಗತಿಗಳನ್ನು ಆಮೇಲೆ ಬದಲಾಯಿಸಬೇಕೆಂದರೆ ಇರುವ ಡೇಟಾವನ್ನೆಲ್ಲ ಬೇರೆ ಕಡೆ ಸಾಗಿಸಿ, ಎಲ್ಲವನ್ನೂ ಅಳಿಸಿ, ಮೊದಲಿನಿಂದ ಕಟ್ಟಬೇಕು. ಹತ್ತಾರು ಟಿಬಿ ಡೇಟಾ ಇಡುವಷ್ಟು ಜಾಗ ಯಾರ ಹತ್ತಿರ ಸುಮ್ನೆ ಖಾಲಿ ಬಿದ್ದಿರುತ್ತದೆ? ಆದ್ದರಿಂದ ಯಾವುದನ್ನು ಆಮೇಲೆ ತಿದ್ದಬಹುದು, ಯಾವುದನ್ನು ತಿದ್ದಲು ಬರುವುದಿಲ್ಲ ಅನ್ನುವುದನ್ನು ಮೊದಲೇ ತಿಳಿದುಕೊಳ್ಳೋಣ.

ಮೊದಲು ಪದರಗಳನ್ನು ನೋಡಿ. ಎಲ್ಲಕ್ಕಿಂತ ಕೆಳಗೆ ಡಿಸ್ಕ್‌ಗಳಿವೆ. ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಕಟ್ಟಿ, ಒಂದು ಹಾಳಾದರೂ ಡೇಟಾ ಉಳಿಯುವಂತೆ ಮಾಡುವ ವಿಧಾನಕ್ಕೆ ರೇಡ್ ಎನ್ನುತ್ತಾರೆ, ಅದರಲ್ಲಿ ಬೇರೆ ಬೇರೆ ಮಟ್ಟಗಳಿವೆ. ಕೆಲವು ಡಿಸ್ಕ್‌ಗಳನ್ನು ಒಂದು ರೇಡ್ ಮಟ್ಟದಲ್ಲಿ ಕಟ್ಟಿದರೆ ಅದು ಡಿಸ್ಕ್ ಗ್ರೂಪ್. ಒಂದೋ ಎರಡೋ ಹತ್ತೋ ಗ್ರೂಪ್‌ಗಳು ಸೇರಿದರೆ ಪೂಲ್. ಪೂಲ್‌ನಿಂದ ಬೇಕಾದ ಅಳತೆಗೆ ಕತ್ತರಿಸಿ ಕೊಡುವ ಜಾಗ ವಾಲ್ಯೂಮ್. ಸರ್ವರ್ ಕಣ್ಣಿಗೆ ಕಾಣುವುದು ಈ ವಾಲ್ಯೂಮ್ ಮಾತ್ರ. ಅದರ ಕೆಳಗೆ ಎಷ್ಟು ಡಿಸ್ಕ್ ಇವೆ, ಹೇಗೆ ಕಟ್ಟಿದ್ದಾರೆ ಎಂಬುದು ಸರ್ವರ್‌ಗೆ ಗೊತ್ತಿರುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಹೆಸರುಗಳು ಸಾಧನದಿಂದ ಸಾಧನಕ್ಕೆ ಬದಲಾಗುತ್ತವೆ. ಎಚ್‌ಪಿಇ ಎಂಎಸ್‌ಎ, ಡೆಲ್ ಪವರ್‌ವಾಲ್ಟ್ ಎಂಇ ಸರಣಿಗಳಲ್ಲಿ ಡಿಸ್ಕ್ ಗ್ರೂಪ್, ಪೂಲ್ ಎಂದೇ ಕರೆಯುತ್ತಾರೆ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ ಗ್ರೂಪ್ ಜಾಗದಲ್ಲಿ ವಿಡೆವ್, ಅದರ ಮೇಲೆ ಝಡ್‌ಪೂಲ್. ನೆಟ್‌ಆ್ಯಪ್‌ನಲ್ಲಿ ರೇಡ್ ಗ್ರೂಪ್, ಅದರ ಮೇಲೆ ಅಗ್ರಿಗೇಟ್. ಆರಕಲ್ ಎಎಸ್‌ಎಂನಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು, ಅಲ್ಲಿ ಡಿಸ್ಕ್ ಗ್ರೂಪ್ ಅಂದರೆ ಇಲ್ಲಿ ನಾವು ಪೂಲ್ ಎನ್ನುತ್ತಿರುವ ಪದರವೇ. ಹೆಸರು ಏನೇ ಇರಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಡಿಸ್ಕ್ ಹಾಳಾದಾಗ ಡೇಟಾ ಕಾಯುವುದು ಯಾವ ಪದರ?

ಬಹುತೇಕ ಸಾಧನಗಳಲ್ಲಿ ಕಾಯುವುದು ಡಿಸ್ಕ್ ಗ್ರೂಪ್. ಪೂಲ್ ಕಾಯುವುದಿಲ್ಲ. ಪೂಲ್ ಬರೀ ಹಂಚುತ್ತದೆ. ಬಂದ ಡೇಟಾವನ್ನು ತುಂಡು ತುಂಡು ಮಾಡಿ ತನ್ನ ಕೆಳಗಿರುವ ಎಲ್ಲ ಗ್ರೂಪ್‌ಗಳ ಮೇಲೆ ಹರಡಿ ಇಡುತ್ತದೆ (ಎಂಎಸ್‌ಎ ಮತ್ತು ಎಂಇ ಸರಣಿಯಲ್ಲಿ ಈ ತುಂಡಿನ ಗಾತ್ರ 4 ಎಂಬಿ). ಇದರಿಂದ ವೇಗ ಸಿಗುತ್ತದೆ, ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ದುಡಿಯುತ್ತವೆ. ಆದರೆ ಇದರಿಂದಲೇ ಇನ್ನೊಂದು ಮಾತೂ ಹುಟ್ಟುತ್ತದೆ, ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಅದೇ. ಒಂದು ವಾಲ್ಯೂಮ್‌ನ ತುಂಡುಗಳು ಎಲ್ಲ ಗ್ರೂಪ್‌ಗಳಲ್ಲೂ ಚದುರಿರುವುದರಿಂದ, ಒಂದೇ ಒಂದು ಗ್ರೂಪ್ ಪೂರ್ತಿ ಹೋದರೂ ಪ್ರತಿಯೊಂದು ವಾಲ್ಯೂಮ್‌ನಲ್ಲೂ ತೂತು ಬೀಳುತ್ತದೆ, ಅಂದರೆ ಪೂಲ್ ಪೂರ್ತಿ ಹೋದಂತೆಯೇ. ಒಂಬತ್ತು ಗ್ರೂಪ್ ಗಟ್ಟಿಯಾಗಿದ್ದು ಹತ್ತನೆಯದು ದುರ್ಬಲವಾಗಿದ್ದರೆ ಇಡೀ ಪೂಲ್‌ನ ಬಲ ಆ ಹತ್ತನೆಯದರಷ್ಟೇ.

ಝಡ್‌ಎಫ್‌ಎಸ್ ಬಳಸುವವರು ಇದನ್ನು ಕಟುವಾಗಿ ಕಲಿಯುವ ಒಂದು ಜಾಗ ಇದೆ. ಇರುವ ಡಿಸ್ಕ್‌ಗೆ ಕನ್ನಡಿಯಾಗಿ (ಅದೇ ಡೇಟಾದ ಇನ್ನೊಂದು ಪ್ರತಿ ಇಡಲು) ಇನ್ನೊಂದನ್ನು ಜೋಡಿಸಲು ಬಳಸಬೇಕಾದ ಕಮಾಂಡ್ ಅಟ್ಯಾಚ್. ಅದರ ಬದಲು ಆ್ಯಡ್ ಎಂದು ಹೊಡೆದರೆ ಆ ಒಂಟಿ ಡಿಸ್ಕ್ ತಾನೇ ಒಂದು ಹೊಸ ವಿಡೆವ್ ಆಗಿ ಪೂಲ್‌ಗೆ ಸೇರಿಬಿಡುತ್ತದೆ. ಪೂಲ್‌ನಲ್ಲಿ ಮೊದಲೇ ರಕ್ಷಣೆ ಇದ್ದರೆ, ಅದಕ್ಕೂ ಹೊಸದಕ್ಕೂ ತಾಳೆಯಾಗುತ್ತಿಲ್ಲ ಎಂದು ಝಡ್‌ಎಫ್‌ಎಸ್ ಎಚ್ಚರಿಸುತ್ತದೆ, ಒತ್ತಾಯದ ಆಯ್ಕೆ ಕೊಟ್ಟರೆ ಮಾತ್ರ ಮುಂದೆ ಹೋಗುತ್ತದೆ. ಪೂಲ್‌ನಲ್ಲಿ ಇರುವುದೆಲ್ಲ ಕನ್ನಡಿ ಜೋಡಿಗಳಾದರೆ ಈ ತಪ್ಪನ್ನು ತಿದ್ದಬಹುದು. ರೇಡ್‌ಝಡ್ (ಮುಂದೆ ಬರುವ ರೇಡ್ 5, 6ರ ಥರದ್ದೇ ಝಡ್‌ಎಫ್‌ಎಸ್‌ನ ವಿಧಾನ) ಗ್ರೂಪ್ ಇದ್ದರೆ ಸೇರಿಸಿದ್ದನ್ನು ಹೊರತೆಗೆಯಲು ಬರುವುದಿಲ್ಲ. ಅಲ್ಲಿಂದ ಮುಂದೆ ಇಡೀ ಪೂಲ್ ಆ ಒಂದು ಡಿಸ್ಕ್‌ನ ಆಯಸ್ಸಿಗೆ ಗಂಟು ಬಿದ್ದಿರುತ್ತದೆ. ಒತ್ತಾಯದ ಆಯ್ಕೆ ಕೇಳುವ ಎಚ್ಚರಿಕೆ ಬಂದಾಗ ಕೈ ನಿಲ್ಲಿಸಿ ಪೂರ್ತಿ ಓದಿ.

ರೇಡ್ ಮಟ್ಟ ಆರಿಸುವುದು

ಪ್ಯಾರಿಟಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಒಂದು ಸಣ್ಣ ಕೂಡುವ ಲೆಕ್ಕದಲ್ಲೇ ಗೊತ್ತಾಗುತ್ತದೆ. ಮೂರು ಡಿಸ್ಕ್‌ಗಳಲ್ಲಿ 3, 5, 7 ಎಂಬ ಅಂಕಿಗಳಿವೆ ಎಂದುಕೊಳ್ಳಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತ 15 ಬರೆದಿಡಿ, ಇದೇ ಪ್ಯಾರಿಟಿ. 5 ಇದ್ದ ಡಿಸ್ಕ್ ಹಾಳಾಯಿತು. 15ರಿಂದ 3 ಮತ್ತು 7 ಕಳೆದರೆ 5 ವಾಪಸ್ ಬರುತ್ತದೆ. ನಿಜವಾಗಿ ನಡೆಯುವುದು ಕೂಡುವುದಲ್ಲ, ಎಕ್ಸ್‌ಒಆರ್ (XOR) ಎನ್ನುವ ಬಿಟ್ ಲೆಕ್ಕ, ಆದರೆ ತತ್ವ ಇದೇ. ಗಮನಿಸಿ, ಕಳೆದುಹೋದ ಒಂದನ್ನು ಪಡೆಯಲು ಉಳಿದ ಎಲ್ಲವನ್ನೂ ಓದಬೇಕಾಯಿತು. ಎರಡು ಅಂಕಿ ಹೋಗಿದ್ದರೆ ಈ ಒಂದು ಮೊತ್ತದಿಂದ ಏನೂ ಆಗುತ್ತಿರಲಿಲ್ಲ.

ರೇಡ್ 5 ಅಂದರೆ ಇಂಥ ಒಂದು ಲೆಕ್ಕ, ಗ್ರೂಪ್‌ನಲ್ಲಿ ಒಂದು ಡಿಸ್ಕ್ ಹೋದರೂ ಡೇಟಾ ಇರುತ್ತದೆ. ರೇಡ್ 6ರಲ್ಲಿ ಬೇರೆ ಬೇರೆ ರೀತಿಯ ಎರಡು ಲೆಕ್ಕ, ಹಾಗಾಗಿ ಎರಡು ಹೋದರೂ ಇರುತ್ತದೆ. ರೇಡ್ 1 ನೇರ ಕನ್ನಡಿ, ರೇಡ್ 10 ಅಂದರೆ ಕನ್ನಡಿ ಜೋಡಿಗಳ ಸಾಲು.

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ರೇಡ್ ಬಗ್ಗೆ ಪ್ರಬಂಧ ಬರೆದಾಗ ಅದರಲ್ಲಿ ಇದ್ದದ್ದು 1ರಿಂದ 5ರವರೆಗಿನ ಮಟ್ಟಗಳು. ರೇಡ್ 6 ಆಮೇಲೆ ಸೇರಿಕೊಂಡಿತು. ಅವರು ಲೆಕ್ಕಕ್ಕೆ ಹಿಡಿದ ಚಿಕ್ಕ ಡಿಸ್ಕ್‌ನ ಸಾಮರ್ಥ್ಯ ಸುಮಾರು 100 ಎಂಬಿ. ಇವತ್ತಿನ 8 ಟಿಬಿ ಡಿಸ್ಕ್ ಅದರ 80 ಸಾವಿರ ಪಟ್ಟು. ಡಿಸ್ಕ್‌ಗಳ ಗಾತ್ರ ಏರಿದ ಹಾಗೆ ಓದುವ ವೇಗ ಏರಲಿಲ್ಲ, ರೇಡ್ 5ರ ಕಷ್ಟ ಇರುವುದೇ ಇಲ್ಲಿ.

ಲೆಕ್ಕ ಹಾಕಿ ನೋಡೋಣ. ಹಾಳಾದ 8 ಟಿಬಿ ಡಿಸ್ಕ್ ಜಾಗಕ್ಕೆ ಹೊಸದು ಹಾಕಿದ್ದೀರಿ. ಸೆಕೆಂಡಿಗೆ 200 ಎಂಬಿ ವೇಗದಲ್ಲಿ, ಬೇರೆ ಯಾವ ಕೆಲಸವೂ ಇಲ್ಲದೆ ಬರೆದರೂ 40,000 ಸೆಕೆಂಡು ಬೇಕು, ಅಂದರೆ 11 ಗಂಟೆಗಿಂತ ಜಾಸ್ತಿ. ಸರ್ವರ್‌ಗಳೂ ಅದೇ ಹೊತ್ತಿಗೆ ಓದುತ್ತ ಬರೆಯುತ್ತ ಇದ್ದರೆ ಈ ರೀಬಿಲ್ಡ್ ದಿನಗಟ್ಟಲೆ ಎಳೆಯಬಹುದು. ಅಷ್ಟೂ ಹೊತ್ತು ರೇಡ್ 5 ಗ್ರೂಪ್‌ಗೆ ಯಾವ ರಕ್ಷಣೆಯೂ ಇಲ್ಲ, ಅದೂ ಉಳಿದ ಡಿಸ್ಕ್‌ಗಳು ಅಂಚಿನಿಂದ ಅಂಚಿನವರೆಗೆ ಓದುತ್ತ ಹೆಚ್ಚು ಬೆವರುತ್ತಿರುವ ಹೊತ್ತಿನಲ್ಲೇ. ಅವೆಲ್ಲ ಒಂದೇ ಬ್ಯಾಚ್‌ನವು, ಒಂದೇ ದಿನ ಹಾಕಿದವು, ಒಂದೇ ಥರ ದುಡಿದವು. ಎರಡನೆಯದು ಅದೇ ವಾರ ಹೋದರೆ ಆಶ್ಚರ್ಯ ಪಡುವಂಥದ್ದೇನೂ ಇಲ್ಲ.

ಇನ್ನೊಂದು ಅಂಕಿಯೂ ಇದೆ. ಓದಲಾಗದ ಸೆಕ್ಟರ್ (ಡಿಸ್ಕ್‌ನ ಒಂದು ಸಣ್ಣ ತುಣುಕು) ಎಷ್ಟು ಅಪರೂಪ ಎಂದು ಡಿಸ್ಕ್ ತಯಾರಿಸುವವರು ತಮ್ಮ ವಿವರ ಪಟ್ಟಿಯಲ್ಲಿ ಬರೆದಿರುತ್ತಾರೆ. ಮನೆ ಬಳಕೆಯ ಅನೇಕ ಡಿಸ್ಕ್‌ಗಳಲ್ಲಿ ಇದು 10ರ 14ನೇ ಘಾತದಷ್ಟು ಬಿಟ್ ಓದಿದರೆ ಒಂದು, ಅಂದರೆ 12.5 ಟಿಬಿಗೆ ಒಂದು. ದೊಡ್ಡ ಸಂಸ್ಥೆಗಳಿಗಾಗಿ ಮಾಡಿದವುಗಳಲ್ಲಿ ಸಾಮಾನ್ಯವಾಗಿ ಅದರ ಹತ್ತರಲ್ಲಿ ಒಂದು ಪಾಲು, 125 ಟಿಬಿಗೆ ಒಂದು. ಆರು ಡಿಸ್ಕ್‌ಗಳ ರೇಡ್ 5ರಲ್ಲಿ ಒಂದು ಹೋದರೆ ಉಳಿದ ಐದರಿಂದ 40 ಟಿಬಿ ಓದಬೇಕು. ಇವು ತಯಾರಕರು ಹಾಕಿಕೊಂಡ ಮಿತಿಗಳು, ಬಳಕೆಯಲ್ಲಿ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳಬಹುದು. ಆದರೂ ದೊಡ್ಡ ತಿರುಗುವ ಡಿಸ್ಕ್‌ಗಳ ಗ್ರೂಪ್‌ಗೆ ರೇಡ್ 5 ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರೇಡ್ 6 ಹಾಕಿ. ಬೇಗ ರೀಬಿಲ್ಡ್ ಆಗುವ ಸಣ್ಣ ಎಸ್‌ಎಸ್‌ಡಿ ಗ್ರೂಪ್‌ಗೆ ರೇಡ್ 5 ನಡೆಯುತ್ತದೆ.

ರೇಡ್ 6ಕ್ಕೆ ಕೊಡಬೇಕಾದ ಬೆಲೆ ಬರೆಯುವ ವೇಗದಲ್ಲಿದೆ. ಒಂದು ಸಣ್ಣ ತುಂಡು ಬದಲಾಯಿಸಲು ರೇಡ್ 10ರಲ್ಲಿ ಎರಡು ಬರಹ ಸಾಕು. ರೇಡ್ 5ರಲ್ಲಿ ಹಳೆಯ ಡೇಟಾ ಓದಿ, ಹಳೆಯ ಪ್ಯಾರಿಟಿ ಓದಿ, ಎರಡನ್ನೂ ಹೊಸದಾಗಿ ಬರೆಯಬೇಕು, ಒಟ್ಟು ನಾಲ್ಕು ಕೆಲಸ. ರೇಡ್ 6ರಲ್ಲಿ ಆರು. ಡೇಟಾಬೇಸ್ ಥರ ಸಣ್ಣ ಸಣ್ಣ ಬರಹ ಸದಾ ನಡೆಯುವ ಕಡೆ ಇದು ಎದ್ದು ಕಾಣುತ್ತದೆ, ಅಲ್ಲಿ ರೇಡ್ 10 ಒಳ್ಳೆಯದು. ಬ್ಯಾಕಪ್, ವಿಡಿಯೊ, ದೊಡ್ಡ ಫೈಲ್‌ಗಳಿಗೆ ಇದರ ಚಿಂತೆ ಬೇಡ.

ಗ್ರೂಪ್ ಎಷ್ಟು ದೊಡ್ಡದಿರಬೇಕು

8 ಟಿಬಿಯ 12 ಡಿಸ್ಕ್ ಇವೆ. ಎಲ್ಲವನ್ನೂ ಒಂದೇ ರೇಡ್ 6 ಗ್ರೂಪ್ ಮಾಡಿದರೆ 80 ಟಿಬಿ ಸಿಗುತ್ತದೆ, ರೇಡ್ 10 ಮಾಡಿದರೆ 48. ಇವೆರಡರ ನಡುವೆ ಇನ್ನೆರಡು ದಾರಿಗಳಿವೆ. ಹತ್ತು ಡಿಸ್ಕ್‌ನ ಒಂದು ರೇಡ್ 6 ಗ್ರೂಪ್ ಮಾಡಿ ಎರಡನ್ನು ಸ್ಪೇರ್ ಆಗಿ ಇಡುವುದು ಒಂದು. ಆರಾರು ಡಿಸ್ಕ್‌ನ ಎರಡು ರೇಡ್ 6 ಗ್ರೂಪ್ ಮಾಡಿ ಒಂದೇ ಪೂಲ್‌ಗೆ ಹಾಕುವುದು ಇನ್ನೊಂದು. ಎರಡರಲ್ಲೂ ಸಿಗುವುದು ಸರಿಯಾಗಿ 64 ಟಿಬಿ. ಜಾಗ ಒಂದೇ ಆದ ಮೇಲೆ ಯಾವುದು ಮೇಲು?

ಮೊದಲನೆಯದರಲ್ಲಿ ಒಂದು ಡಿಸ್ಕ್ ಹೋದ ಕೂಡಲೇ, ಯಾರೂ ಮುಟ್ಟದಿದ್ದರೂ ಸ್ಪೇರ್ ಕೆಲಸಕ್ಕೆ ಇಳಿಯುತ್ತದೆ, ನಡುರಾತ್ರಿ ಆದರೂ ಸರಿ. ಎರಡನೆಯದರಲ್ಲಿ ಯಾರಾದರೂ ಬಂದು ಹೊಸ ಡಿಸ್ಕ್ ಹಾಕುವವರೆಗೆ ಆ ಗ್ರೂಪ್ ಕುಂಟುತ್ತಲೇ ಇರುತ್ತದೆ. ಆದರೆ ಎರಡನೆಯದರಲ್ಲಿ ರೀಬಿಲ್ಡ್ ಹೊತ್ತಿಗೆ ದಣಿಯುವುದು ಐದು ಡಿಸ್ಕ್ ಮಾತ್ರ, ಪಕ್ಕದ ಗ್ರೂಪ್ ಎಂದಿನಂತೆ ಓಡುತ್ತಿರುತ್ತದೆ, ಜೊತೆಗೆ ಹನ್ನೆರಡೂ ಡಿಸ್ಕ್ ದಿನವಿಡೀ ದುಡಿಯುತ್ತವೆ. ಝಡ್‌ಎಫ್‌ಎಸ್‌ನಲ್ಲಂತೂ ಚದುರಿದ ಸಣ್ಣ ಓದುಗಳಿಗೆ ಒಂದು ರೇಡ್‌ಝಡ್ ವಿಡೆವ್ ಹೆಚ್ಚು ಕಡಿಮೆ ಒಂದು ಡಿಸ್ಕ್‌ನಷ್ಟೇ ವೇಗ ಕೊಡುವುದರಿಂದ ಎರಡು ವಿಡೆವ್ ಇದ್ದರೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಸ್ಟೋರೇಜ್ ಇರುವ ಕೋಣೆಗೆ ದಿನಾ ಹೋಗಿಬರುವವರು ಇದ್ದು, ಕಪಾಟಿನಲ್ಲಿ ಒಂದು ಡಿಸ್ಕ್ ತಂದಿಟ್ಟಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಬಾಕ್ಸ್ ದೂರದಲ್ಲಿದ್ದು ಯಾರಾದರೂ ತಲುಪಲು ಮೂರು ದಿನ ಬೇಕು ಅಂದರೆ ಮೊದಲನೆಯದು.

ಆರು, ಹತ್ತು ಎಂಬ ಅಂಕಿಗಳನ್ನು ಸುಮ್ಮನೆ ಎತ್ತಿಕೊಂಡಿಲ್ಲ. ಎಂಎಸ್‌ಎ, ಎಂಇ ಥರದ ಸಾಧನಗಳಲ್ಲಿ ಪ್ಯಾರಿಟಿ ಬಿಟ್ಟು ಉಳಿದ ಡಿಸ್ಕ್‌ಗಳ ಸಂಖ್ಯೆ 2, 4 ಅಥವಾ 8 ಇದ್ದರೆ ಪೂಲ್‌ನ ತುಂಡುಗಳು ಡಿಸ್ಕ್‌ಗಳ ಮೇಲೆ ಸರಿಯಾಗಿ ಕೂರುತ್ತವೆ, ಬರೆಯುವಾಗ ಸುಮ್ಮನೆ ಹಳೆಯದನ್ನು ಓದುವ ಕೆಲಸ ತಪ್ಪುತ್ತದೆ. ಹಾಗಾಗಿ ರೇಡ್ 5ಕ್ಕೆ 3, 5, 9 ಡಿಸ್ಕ್, ರೇಡ್ 6ಕ್ಕೆ 4, 6, 10.

12 ಅಥವಾ ಅದಕ್ಕಿಂತ ಹೆಚ್ಚು ಡಿಸ್ಕ್ ಇದ್ದರೆ ಈ ಎರಡು ದಾರಿಗಳಾಚೆ ಮೂರನೆಯದೂ ಇದೆ. ಎಂಇಯಲ್ಲಿ ಅಡಾಪ್ಟ್, ಎಂಎಸ್‌ಎಯಲ್ಲಿ ಡಿಪಿ ಪ್ಲಸ್, ಝಡ್‌ಎಫ್‌ಎಸ್‌ನಲ್ಲಿ 2021ರ 2.1 ಆವೃತ್ತಿಯಿಂದ ಬಂದ ಡಿರೇಡ್. ಇವುಗಳಲ್ಲಿ ಸ್ಪೇರ್ ಎಂದು ಒಂದು ಡಿಸ್ಕ್ ಸುಮ್ಮನೆ ಕೂತಿರುವುದಿಲ್ಲ. ಸ್ಪೇರ್‌ಗೆ ಬೇಕಾದ ಖಾಲಿ ಜಾಗವನ್ನೇ ಎಲ್ಲ ಡಿಸ್ಕ್‌ಗಳಲ್ಲೂ ಚೂರು ಚೂರು ಹಂಚಿರುತ್ತಾರೆ. ಡಿಸ್ಕ್ ಹೋದಾಗ ಎಲ್ಲವೂ ಓದುತ್ತವೆ, ಎಲ್ಲವೂ ಬರೆಯುತ್ತವೆ. ಮೇಲೆ ಹೇಳಿದ 11 ಗಂಟೆಯ ಲೆಕ್ಕದಲ್ಲಿ ತಡೆಯಾಗಿದ್ದು ಒಂದೇ ಡಿಸ್ಕ್‌ನ ಬರೆಯುವ ವೇಗ ಅಲ್ವಾ, ಆ ತಡೆಯೇ ಇಲ್ಲಿ ಇಲ್ಲ. ಡಿಸ್ಕ್‌ಗಳು ಜಾಸ್ತಿ ಇದ್ದಷ್ಟೂ ರೀಬಿಲ್ಡ್ ಬೇಗ. ದೊಡ್ಡ ಡಿಸ್ಕ್‌ಗಳನ್ನು ಬಹಳ ಸಂಖ್ಯೆಯಲ್ಲಿ ಇಡುವವರಿಗೆ ಇದೇ ಸರಿ ಎನ್ನುತ್ತೇನೆ.

ಪೂಲ್‌ನಲ್ಲಿ ಏನನ್ನು ಬೆರೆಸಬಹುದು

ಒಂದೇ ಗ್ರೂಪ್‌ನೊಳಗೆ ಒಂದೇ ಥರದ ಡಿಸ್ಕ್ ಇರಬೇಕು. 8 ಟಿಬಿಯವುಗಳ ನಡುವೆ ಒಂದು 4 ಟಿಬಿ ಸೇರಿದರೆ ಸಾಂಪ್ರದಾಯಿಕ ರೇಡ್‌ನಲ್ಲಿ ಎಲ್ಲವನ್ನೂ 4 ಎಂದೇ ಎಣಿಸಲಾಗುತ್ತದೆ. ಎಸ್‌ಎಂಆರ್ ಡಿಸ್ಕ್‌ಗಳನ್ನು ರೇಡ್ ಗ್ರೂಪ್‌ಗೆ ಹಾಕಲೇಬೇಡಿ. ಅವು ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವುದರಿಂದ ನಡುವೆ ಬದಲಾಯಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ, ರೀಬಿಲ್ಡ್ ಹೊತ್ತಿಗೆ ಉಸಿರುಗಟ್ಟಿ, ಕೆಲವೊಮ್ಮೆ ಕಂಟ್ರೋಲರ್ (ಡಿಸ್ಕ್‌ಗಳನ್ನು ನಡೆಸುವ ಬಾಕ್ಸ್‌ನ ಮಿದುಳು) ಅವನ್ನು ಸತ್ತವೆಂದೇ ಲೆಕ್ಕ ಹಾಕಿ ಹೊರಗೆ ಹಾಕುತ್ತದೆ.

ಪೂಲ್ ಮಟ್ಟದಲ್ಲಿ ಮಾತ್ರ ಬೆರೆಸಲು ಅವಕಾಶ ಇದೆ. ಎಸ್‌ಎಸ್‌ಡಿ ಗ್ರೂಪ್ ಒಂದು, ತಿರುಗುವ ಡಿಸ್ಕ್‌ಗಳ ಗ್ರೂಪ್ ಎರಡು, ಎಲ್ಲ ಒಂದೇ ಪೂಲ್‌ನಲ್ಲಿ ಇಟ್ಟರೆ ಹೆಚ್ಚು ಓಡಾಡುವ ಡೇಟಾವನ್ನು ಸಾಧನ ತಾನೇ ಎಸ್‌ಎಸ್‌ಡಿಗೆ ಏರಿಸುತ್ತದೆ, ತಣ್ಣಗಾದದ್ದನ್ನು ಕೆಳಗೆ ಇಳಿಸುತ್ತದೆ. ಇದಕ್ಕೆ ಟಿಯರಿಂಗ್ ಎನ್ನುತ್ತಾರೆ. ಇಲ್ಲೇ ಒಂದು ಗೊಂದಲ ಆಗುತ್ತದೆ. ಎಸ್‌ಎಸ್‌ಡಿಯನ್ನು ಓದುವ ಕ್ಯಾಶ್ ಆಗಿಯೂ ಹಾಕಬಹುದು. ಕ್ಯಾಶ್‌ನಲ್ಲಿ ಇರುವುದು ನಕಲು ಮಾತ್ರ, ಮೂಲ ಕೆಳಗೇ ಇದೆ, ಆ ಎಸ್‌ಎಸ್‌ಡಿ ಸುಟ್ಟುಹೋದರೂ ಕಳೆಯುವುದು ವೇಗ ಅಷ್ಟೇ. ಟಿಯರ್‌ನಲ್ಲಿ ಹಾಗಲ್ಲ, ಮೇಲೆ ಏರಿದ ಡೇಟಾ ಕೆಳಗೆ ಇರುವುದಿಲ್ಲ, ಅದೊಂದೇ ಪ್ರತಿ. ಹಾಗಾಗಿ ಓದುವ ಕ್ಯಾಶ್‌ಗೆ ಒಂಟಿ ಎಸ್‌ಎಸ್‌ಡಿ ಸಾಕು, ಟಿಯರ್‌ಗೆ ಪೂರ್ತಿ ರೇಡ್ ರಕ್ಷಣೆ ಬೇಕೇ ಬೇಕು. ಝಡ್‌ಎಫ್‌ಎಸ್‌ನ ಸ್ಪೆಷಲ್ ವಿಡೆವ್ ಕೂಡ ಟಿಯರ್ ಕಡೆಗೇ ಸೇರಿದ್ದು, ಯಾವ ಡೇಟಾ ಎಲ್ಲಿದೆ ಎಂಬ ವಿವರ, ಅಂದರೆ ಮೆಟಾಡೇಟಾ ಇರುವುದೇ ಅಲ್ಲಿ, ಅದು ಹೋದರೆ ಪೂಲ್ ಹೋಗುತ್ತದೆ.

ಎರಡು ಕಂಟ್ರೋಲರ್ ಇರುವ ಎಂಎಸ್‌ಎ, ಎಂಇ ಬಾಕ್ಸ್‌ಗಳಲ್ಲಿ ಎ ಮತ್ತು ಬಿ ಎಂದು ಎರಡು ಪೂಲ್, ಒಂದೊಂದಕ್ಕೆ ಒಂದೊಂದು ಕಂಟ್ರೋಲರ್ ಒಡೆಯ. ಎಲ್ಲ ಗ್ರೂಪ್‌ಗಳನ್ನೂ ಎ ಪೂಲ್‌ಗೆ ತುಂಬಿದರೆ ಬಿ ಕಂಟ್ರೋಲರ್ ಹೆಚ್ಚಿನ ಹೊತ್ತು ಕೈಕಟ್ಟಿ ಕೂರುತ್ತದೆ. ಡಿಸ್ಕ್‌ಗಳು ಸಾಕಷ್ಟಿದ್ದರೆ ಎರಡಕ್ಕೂ ಸಮನಾಗಿ ಹಂಚಿ. ಬರೀ ಎಂಟು ಡಿಸ್ಕ್ ಇದ್ದರೆ ಹಂಚಲು ಹೋಗಬೇಡಿ, ಒಂದೇ ಪೂಲ್ ಸಾಕು, ಇಲ್ಲದಿದ್ದರೆ ಪ್ಯಾರಿಟಿಗೇ ಅರ್ಧ ಜಾಗ ಹೋಗುತ್ತದೆ.

ಪೂಲ್ ತುಂಬಿದ ಮೇಲೆ ಹೊಸ ಗ್ರೂಪ್ ಸೇರಿಸುವುದು ಸುಲಭ, ಆದರೆ ಸೇರಿಸಿದ ಕೂಡಲೇ ವೇಗ ಎರಡು ಪಟ್ಟಾಗುತ್ತದೆ ಎಂದುಕೊಳ್ಳಬೇಡಿ. ಕೆಲವು ಸಾಧನಗಳು ಹಳೆಯ ಡೇಟಾವನ್ನು ಹಿನ್ನೆಲೆಯಲ್ಲಿ ನಿಧಾನವಾಗಿ ಹೊಸ ಗ್ರೂಪ್‌ಗೂ ಹಂಚುತ್ತವೆ. ಝಡ್‌ಎಫ್‌ಎಸ್ ಹಳೆಯದನ್ನು ತಾನಾಗಿ ಮುಟ್ಟುವುದಿಲ್ಲ, ಹೊಸದಾಗಿ ಬರೆಯುವುದರಲ್ಲಿ ಹೆಚ್ಚಿನ ಪಾಲು ಖಾಲಿ ಇರುವ ಕಡೆಗೇ ಹೋಗುತ್ತದೆ, ಹಾಗಾಗಿ ಭಾರವೆಲ್ಲ ಹೊಸ ಗ್ರೂಪ್ ಮೇಲೇ ಬೀಳುತ್ತದೆ. ಪೂಲ್ ಅಂಚಿಗೆ ಬರುವವರೆಗೆ ಕಾಯದೆ ಶೇ 70 ದಾಟಿದಾಗಲೇ ಸೇರಿಸಿದರೆ ಈ ತೊಂದರೆ ಕಡಿಮೆ.

ಜಾಗದ ಲೆಕ್ಕ

64 ಟಿಬಿ ಅಂದುಕೊಂಡದ್ದು ಪರದೆಯ ಮೇಲೆ 58 ಚಿಲ್ಲರೆ ಎಂದು ಕಂಡರೆ ಗಾಬರಿ ಬೇಡ. ಡಿಸ್ಕ್ ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಅನೇಕ ಸಾಧನಗಳು 1024ರ ಲೆಕ್ಕದಲ್ಲಿ ತೋರಿಸುತ್ತವೆ, ಒಂದು ಟಿಬಿಗೆ ಸುಮಾರು ಶೇ 9ರಷ್ಟು ವ್ಯತ್ಯಾಸ ಬರುತ್ತದೆ. ಇದರ ಮೇಲೆ ಪೂಲ್ ತನ್ನ ಮೆಟಾಡೇಟಾಗೆ ಸ್ವಲ್ಪ ಇಟ್ಟುಕೊಳ್ಳುತ್ತದೆ.

ಗಾಬರಿ ಪಡಬೇಕಾದ ಜಾಗ ಥಿನ್ ಪ್ರಾವಿಷನಿಂಗ್. ಇದರಲ್ಲಿ 58 ಇರುವ ಪೂಲ್‌ನಿಂದ 100ರಷ್ಟು ವಾಲ್ಯೂಮ್‌ಗಳನ್ನು ಹಂಚಿಕೊಡಬಹುದು, ನಿಜವಾಗಿ ಬರೆದಾಗ ಮಾತ್ರ ಜಾಗ ಖರ್ಚಾಗುತ್ತದೆ. ಒಳ್ಳೆಯ ಸೌಲಭ್ಯವೇ. ಆದರೆ ಎಲ್ಲರೂ ಬರೆಯುತ್ತಾ ಹೋಗಿ ಪೂಲ್ ತುಂಬಿದ ದಿನ, ಸರ್ವರ್ ತನ್ನ ವಾಲ್ಯೂಮ್‌ನಲ್ಲಿ ಇನ್ನೂ ಜಾಗ ಇದೆ ಎಂದೇ ನಂಬಿರುತ್ತದೆ, ಬರಹ ಮಾತ್ರ ವಿಫಲವಾಗುತ್ತದೆ. ಒಂದು ವಾಲ್ಯೂಮ್‌ನ ತಪ್ಪಿಗೆ ಆ ಪೂಲ್‌ನಲ್ಲಿರುವ ಎಲ್ಲ ವಾಲ್ಯೂಮ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಸರ್ವರ್‌ನಲ್ಲಿ ಫೈಲ್ ಅಳಿಸಿದರೆ ಜಾಗ ವಾಪಸ್ ಬರುತ್ತದೆ ಎನ್ನುವಂತೆಯೂ ಇಲ್ಲ. ಈ ತುಂಡು ನನಗೆ ಬೇಡ ಎಂದು ಸರ್ವರ್ ತಿಳಿಸುವ ಅನ್‌ಮ್ಯಾಪ್ ಕೆಲಸ ಮಾಡುತ್ತಿದ್ದರೆ ಮಾತ್ರ ಪೂಲ್‌ಗೆ ಅದು ಗೊತ್ತಾಗುತ್ತದೆ. ಸ್ನ್ಯಾಪ್‌ಶಾಟ್‌ಗಳೂ (ವಾಲ್ಯೂಮ್ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೇ ಹಿಡಿದಿಟ್ಟ ಚಿತ್ರಗಳು) ಇದೇ ಪೂಲ್‌ನ ಜಾಗ ತಿನ್ನುತ್ತವೆ. ಆದ್ದರಿಂದ ಪೂಲ್ ಮಾಡಿದ ದಿನವೇ ಎಚ್ಚರಿಕೆಯ ಮಿತಿಗಳನ್ನು ಹಾಕಿ, ಆ ಇಮೇಲ್ ನಿಜವಾಗಿ ಯಾರಾದರೂ ಓದುವ ವಿಳಾಸಕ್ಕೆ ಹೋಗುವಂತೆ ಮಾಡಿ.

ಕಟ್ಟುವ ದಿನ

ಡಿಸ್ಕ್‌ಗಳನ್ನು ಮೊದಲು ಬೇರೆ ಕಡೆ ಬಳಸಿದ್ದರೆ ಅವುಗಳಲ್ಲಿ ಹಳೆಯ ಗ್ರೂಪ್‌ನ ಗುರುತು ಉಳಿದಿರುತ್ತದೆ. ಹೊಸ ಬಾಕ್ಸ್ ಅವನ್ನು ಬಳಸಲು ಒಪ್ಪದೆ ಮೆಟಾಡೇಟಾ ಅಳಿಸಲು ಹೇಳುತ್ತದೆ. ಹೊಸದಾಗಿ ಕಟ್ಟುವಾಗ ಅಳಿಸಿ, ತೊಂದರೆ ಇಲ್ಲ. ಆದರೆ ಓಡುತ್ತಿರುವ ಬಾಕ್ಸ್‌ನಲ್ಲಿ ಕೇಬಲ್ ಸಡಿಲವಾಗಿಯೋ ಒಂದು ಎನ್‌ಕ್ಲೋಷರ್‌ನ (ಡಿಸ್ಕ್‌ಗಳನ್ನು ಕೂರಿಸುವ ಪೆಟ್ಟಿಗೆಯ) ಪವರ್ ಹೋಗಿಯೋ ನಾಲ್ಕಾರು ಡಿಸ್ಕ್ ಒಟ್ಟಿಗೆ ಮಾಯವಾಗಿ ವಾಪಸ್ ಬಂದಾಗಲೂ ಇದೇ ಸಂದೇಶ ಬರಬಹುದು. ಆಗ ಅಳಿಸಿದರೆ ಜೀವಂತ ಡೇಟಾವನ್ನೇ ಅಳಿಸಿದಂತೆ. ಒಂದಕ್ಕಿಂತ ಹೆಚ್ಚು ಡಿಸ್ಕ್ ಒಂದೇ ಕ್ಷಣದಲ್ಲಿ ಹೋಗಿದ್ದರೆ ಡಿಸ್ಕ್‌ಗಿಂತ ಮೊದಲು ಕೇಬಲ್, ಪವರ್ ನೋಡಿ, ಯಾವ ಗುಂಡಿಯನ್ನೂ ಒತ್ತುವ ಮೊದಲು ತಯಾರಕರ ಬೆಂಬಲಕ್ಕೆ ಫೋನ್ ಮಾಡಿ.

ಸ್ಪೇರ್ ಇಟ್ಟರೆ ಅದು ಗ್ರೂಪ್‌ನಲ್ಲಿರುವ ಡಿಸ್ಕ್‌ಗಳ ಜಾತಿಯದ್ದೇ ಆಗಿರಬೇಕು, ಗಾತ್ರ ಅಷ್ಟೇ ಅಥವಾ ಹೆಚ್ಚು ಇರಬೇಕು. ಎಸ್‌ಎಸ್‌ಡಿ ಗ್ರೂಪ್‌ಗೆ ತಿರುಗುವ ಡಿಸ್ಕ್ ಸ್ಪೇರ್ ಆಗುವುದಿಲ್ಲ. ಸ್ಕ್ರಬ್ ಎನ್ನುವ ಹಿನ್ನೆಲೆ ತಪಾಸಣೆಯನ್ನು ಆನ್ ಮಾಡಿಡಿ, ಯಾರೂ ಓದದೆ ಮೂಲೆಯಲ್ಲಿ ಕೆಟ್ಟ ಸೆಕ್ಟರ್‌ಗಳನ್ನು ರೀಬಿಲ್ಡ್‌ಗಿಂತ ಮೊದಲೇ ಹುಡುಕಿ ಸರಿಮಾಡುವುದು ಅದೇ. ಬ್ಯಾಕಪ್ ಬೇರೆ ಇರಲೇಬೇಕು ಎಂದು ಹೇಳುವ ಅಗತ್ಯವಿಲ್ಲ ಅಂದುಕೊಳ್ಳುತ್ತೇನೆ, ಯಾರೋ ಫೋಲ್ಡರ್ ಅಳಿಸಿದರೆ ರೇಡ್ ಆ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕ್‌ಗೂ ಬರೆಯುತ್ತದೆ.

ಗ್ರೂಪ್ ಮಾಡಿದ ಮೇಲೆ ಡಿಸ್ಕ್‌ಗಳನ್ನು ಬಳಕೆಗೆ ಸಿದ್ಧಮಾಡುವ ಇನಿಷಿಯಲೈಸೇಷನ್ ಶುರುವಾಗುತ್ತದೆ, ಗಂಟೆಗಟ್ಟಲೆ ನಡೆಯುತ್ತದೆ. ಅದರ ನಡುವೆಯೂ ಬಳಸಬಹುದು, ಆದರೆ ಆಗ ಅಳೆದ ವೇಗಕ್ಕೆ ಅರ್ಥವಿಲ್ಲ. ಮುಗಿಯಲು ಬಿಡಿ. ಅದು ಮುಗಿದು, ಬೇಕಾದ ಡೇಟಾ ಇನ್ನೂ ಒಂದೂ ಬಾರದ ಹೊತ್ತಿನಲ್ಲಿ, ಪೂಲ್ ಅರ್ಧ ತುಂಬುವಷ್ಟು ಬೇಡದ ಫೈಲ್‌ಗಳನ್ನು ಬರೆದು, ಓಡುತ್ತಿರುವಾಗಲೇ ಒಂದು ಡಿಸ್ಕ್ ಎಳೆದು ನೋಡಿ. ಸ್ಪೇರ್ ತಾನಾಗಿ ಬಂತಾ, ಇಮೇಲ್ ತಲುಪಿತಾ, ಪರದೆಯಲ್ಲಿ ತೋರಿಸುವ ಸ್ಲಾಟ್ ಸಂಖ್ಯೆಯೂ ಎದುರಿಗೆ ಕೆಂಪು ದೀಪ ಉರಿಯುವ ಸ್ಲಾಟೂ ಒಂದೇನಾ, ರೀಬಿಲ್ಡ್‌ಗೆ ಎಷ್ಟು ಗಂಟೆ ಬೇಕಾಯಿತು, ಇಷ್ಟನ್ನೂ ಬರೆದಿಟ್ಟುಕೊಂಡು, ಪ್ರತಿ ಸ್ಲಾಟ್‌ನಲ್ಲಿರುವ ಡಿಸ್ಕ್‌ನ ಸೀರಿಯಲ್ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದು, ಆ ಹಾಳೆಯನ್ನು ಈ ಸ್ಟೋರೇಜ್ ಬಾಕ್ಸ್‌ನೊಳಗಲ್ಲದೆ ಬೇರೆ ಎಲ್ಲಾದರೂ ಇಡಿ.